ಸದಸ್ಯರಿಲ್ಲದ ಜಿಲ್ಲಾ ಪಂಚಾಯತ್: ಕಡತ ಸಾಗುತ್ತಿದೆ, ಕೇಳುವವರಿಲ್ಲ

ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತ್‌ಗಳಿಗೆ 2016ರ ಫೆಬ್ರುವರಿಯಲ್ಲಿ ಚುನಾವಣೆ ನಡೆಯಿತು. ಆಗ 30 ಜಿಲ್ಲೆಗಳಿಂದ ಆಯ್ಕೆಯಾದ 1,083 ಜಿ.ಪಂ. ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಹೊಸಬರು ಬರಲಿಲ್ಲ, ಆಡಳಿತಾಧಿಕಾರಿಗಳು ಬಂದರು. ಆದರೂ ಶಿಕ್ಷಕರ ಸಂಬಳ ನಿಲ್ಲಲಿಲ್ಲ, ಆಸ್ಪತ್ರೆಗೆ ಬೀಗ ಬೀಳಲಿಲ್ಲ. ಹೀಗಾಗಿ ಸದಸ್ಯರಿಲ್ಲದೆ ನಷ್ಟವೇನು ಎಂದು ಕೇಳುವವರು ಹೆಚ್ಚಾಗಿದ್ದಾರೆ. ಆ ನಷ್ಟ ಗೊತ್ತಾಗಬೇಕಾದರೆ ಜಿ.ಪಂ.ನ ದಿನನಿತ್ಯದ ಕೆಲಸ ಹೇಗೆ ನಡೆಯುತ್ತದೆ, ಅದು ಈ ರೂಪಕ್ಕೆ ಹೇಗೆ ಬಂತು ಎಂಬುದನ್ನು ನೋಡಬೇಕು.

ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಳೆ ಮೈಸೂರು, ಮುಂಬೈ, ಮದ್ರಾಸ್, ಹೈದರಾಬಾದ್, ಕೊಡಗು ಪ್ರದೇಶಗಳಲ್ಲಿ ಬೇರೆ ಬೇರೆ ಸ್ಥಳೀಯ ಕಾನೂನುಗಳಿದ್ದವು. ಇವನ್ನು ಒಂದು ಮಾಡಿದ್ದು 1959ರ ಮೈಸೂರು ಗ್ರಾಮ ಪಂಚಾಯತಿ ಮತ್ತು ಲೋಕಲ್ ಬೋರ್ಡುಗಳ ಕಾಯ್ದೆ. ಅದರಲ್ಲಿ ತಾಲ್ಲೂಕು ಬೋರ್ಡಿಗೆ ಜನರೇ ಸದಸ್ಯರನ್ನು ಆರಿಸುತ್ತಿದ್ದರು. ಜಿಲ್ಲಾ ಮಟ್ಟದಲ್ಲಿ ಇದ್ದದ್ದು ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಅಭಿವೃದ್ಧಿ ಪರಿಷತ್ತು. ಅದು ಸಲಹೆ ಕೊಡಬಹುದಿತ್ತು, ಅಷ್ಟೆ. ಕೃಷಿ, ಶಿಕ್ಷಣ, ಆರೋಗ್ಯ ಇಲಾಖೆಗಳ ಜಿಲ್ಲಾ ಅಧಿಕಾರಿಗಳೆಲ್ಲ ನೋಡುತ್ತಿದ್ದದ್ದು ಬೆಂಗಳೂರಿನ ಕಡೆಗೆ.

ಅಬ್ದುಲ್ ನಜೀರ್ ಸಾಬ್ ರಾಮಕೃಷ್ಣ ಹೆಗಡೆ ಸಂಪುಟದಲ್ಲಿದ್ದಾಗ ಈ ವ್ಯವಸ್ಥೆಯನ್ನು ತಿರುವಿಹಾಕಿದರು. ಹಳ್ಳಿಹಳ್ಳಿಗೆ ಕೊಳವೆಬಾವಿ ಹಾಕಿಸಿ ‘ನೀರ್ ಸಾಬ್’ ಎನಿಸಿಕೊಂಡವರು ಅವರು. 1983ರಲ್ಲಿ ಬಂದ ಜಿಲ್ಲಾ ಪರಿಷತ್ತುಗಳ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಸಿಕ್ಕಿದ್ದು 1985ರಲ್ಲಿ, ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತು, ಆಡಳಿತದ ಮುಖ್ಯಸ್ಥರೂ ಅವರೇ ಆದರು. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿಯನ್ನು ಕೂರಿಸಲಾಯಿತು. ಈ ಕೊನೆಯ ಅಂಶ ಸಣ್ಣದಾಗಿ ಕಾಣಬಹುದು, ಆದರೆ ಇಡೀ ಸುಧಾರಣೆ ನಿಂತದ್ದು ಅದರ ಮೇಲೆ. ಜಂಟಿ ನಿರ್ದೇಶಕರನ್ನು, ಜಿಲ್ಲಾ ವೈದ್ಯಾಧಿಕಾರಿಯನ್ನು ಸಭೆಗೆ ಕರೆದರೆ ಅವರು ಬರಬೇಕು. ಕರೆದವರ ದರ್ಜೆ ಕಿರಿಯದಾದರೆ ಬರುವುದು ಅವರ ಸಹಾಯಕರು, ಸಹಾಯಕರ ಕೈಯಲ್ಲಿ ಅಂಕಿಅಂಶ ಇರುವುದಿಲ್ಲ. ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟದ್ದೂ ಇದೇ ಕಾಯ್ದೆ, ಸಂವಿಧಾನದ ತಿದ್ದುಪಡಿಗೂ ಮೊದಲೇ.

ಆ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿದು ಆಡಳಿತಾಧಿಕಾರಿಗಳು ಬಂದರು. ಪಂಚಾಯತ್‌ಗಳಿಗೆ ಸಂವಿಧಾನದ ಸ್ಥಾನ ಕೊಟ್ಟ 73ನೇ ತಿದ್ದುಪಡಿಯ ಬೆನ್ನಿಗೆ, 1993ರ ಮೇ 10ರಂದು ಈಗಿನ ಪಂಚಾಯತ್ ರಾಜ್ ಕಾಯ್ದೆ ಜಾರಿಯಾಯಿತು. ಜಿಲ್ಲಾ, ತಾಲ್ಲೂಕು ಪಂಚಾಯತ್‌ಗಳಿಗೆ ಚುನಾವಣೆ ನಡೆದದ್ದು 1995ರಲ್ಲಿ. ಅಂದರೆ ಸುಮಾರು ಮೂರು ವರ್ಷ ಜಿಲ್ಲಾ ಮಟ್ಟದಲ್ಲಿ ಆಯ್ಕೆಯಾದವರು ಇರಲಿಲ್ಲ. ಖಾಲಿ ಕುರ್ಚಿ ಈಗಿನ ಹೊಸ ರೋಗವಲ್ಲ. ಹೊಸ ಕಾಯ್ದೆಯಲ್ಲಿ ಮುಖ್ಯ ಕಾರ್ಯದರ್ಶಿಯ ಜಾಗಕ್ಕೆ ಮುಖ್ಯ ಕಾರ್ಯನಿರ್ವಹಣಾಧಿಕಾರಿ, ಅಂದರೆ ಸಿಇಒ ಬಂದರು. ಅಧ್ಯಕ್ಷರ ತೂಕ ಇಳಿಯಿತು. ಮುಂದೆ 20 ತಿಂಗಳಿಗೊಬ್ಬರಂತೆ ಅಧ್ಯಕ್ಷರು ಬದಲಾಗುವ ಪದ್ಧತಿಯೂ ಬಂದು, ಒಂದು ಬಜೆಟ್ ಚಕ್ರ ಅರ್ಥವಾಗುವ ಹೊತ್ತಿಗೆ ಕುರ್ಚಿ ಬಿಡಬೇಕಾಯಿತು.

ಹಣದ ದಾರಿ ಹೀಗಿದೆ. ಗ್ರಾಮ ಪಂಚಾಯಿತಿಗೆ ಮನೆ ಕಂದಾಯವಿದೆ. ಜಿಲ್ಲಾ ಪಂಚಾಯತ್‌ಗೆ ತೆರಿಗೆ ಹಾಕುವ ಅಧಿಕಾರವೇ ಇಲ್ಲ. ರಾಜ್ಯ ಬಜೆಟ್ ಜೊತೆ ‘ಲಿಂಕ್ ಡಾಕ್ಯುಮೆಂಟ್’ ಎಂಬ ಪುಸ್ತಕ ಬರುತ್ತದೆ. ಯಾವ ಜಿಲ್ಲೆಗೆ, ಯಾವ ಲೆಕ್ಕಶೀರ್ಷಿಕೆಯಡಿ ಎಷ್ಟು ಎಂಬುದು ಅದರಲ್ಲಿರುತ್ತದೆ: ಸಾಮಾನ್ಯ ಶಿಕ್ಷಣಕ್ಕೆ 2202, ಆರೋಗ್ಯಕ್ಕೆ 2210, ಗ್ರಾಮೀಣಾಭಿವೃದ್ಧಿಯ ಇತರ ಕಾರ್ಯಕ್ರಮಗಳಿಗೆ 2515. ಒಟ್ಟು ಮೊತ್ತ ನೋಡಿದರೆ ಕಣ್ಣು ಅರಳುತ್ತದೆ, ಆದರೆ ಅದರ ಸಿಂಹಪಾಲು ಸಂಬಳದ್ದು. ಉಳಿದದ್ದರಲ್ಲೂ ಹೆಚ್ಚಿನದು ಯೋಜನೆಗೆ ಕಟ್ಟಿಹಾಕಿದ ಹಣ. ಬಿಸಿಯೂಟದ ದುಡ್ಡನ್ನು ಶಾಲೆಯ ಛಾವಣಿಗೆ ಹಾಕುವಂತಿಲ್ಲ. ಸದಸ್ಯರ ವಿವೇಚನೆಗೆ ಉಳಿಯುವುದು ರಿಪೇರಿ, ಸಣ್ಣ ಕಾಮಗಾರಿ, ಫಲಾನುಭವಿಗಳ ಆಯ್ಕೆ ಇಂಥವು.

ಈ ಸಣ್ಣ ಭಾಗದಲ್ಲೇ ತೊಡಕು ಹೆಚ್ಚು. ಅನುದಾನ ಬಂದ ಮೇಲೆ ಇಲಾಖೆ ಕ್ರಿಯಾಯೋಜನೆ ಮಾಡಬೇಕು, ಅದು ಸ್ಥಾಯಿ ಸಮಿತಿಗೆ, ಅಲ್ಲಿಂದ ಸಾಮಾನ್ಯ ಸಭೆಗೆ ಹೋಗಬೇಕು. ಒಪ್ಪಿಗೆ ಸಿಕ್ಕ ಮೇಲೆ ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್. ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆಯ ಮೂಲ ನಿಯಮದಲ್ಲಿ 2 ಕೋಟಿ ರೂಪಾಯಿವರೆಗಿನ ಟೆಂಡರಿಗೆ ಕನಿಷ್ಠ 30 ದಿನ, ಅದಕ್ಕೂ ಮೇಲಿನದಕ್ಕೆ 60 ದಿನ ಕೊಡಬೇಕಿತ್ತು. ಕಾಮಗಾರಿ ನಡೆದು, ಎಂಜಿನಿಯರ್ ಅಳತೆ ಪುಸ್ತಕ ಬರೆದು, ಬಿಲ್ಲು ಖಜಾನೆಗೆ ಹೋಗುವುದು ಮಾರ್ಚ್ 31ರೊಳಗೆ ಆಗಬೇಕು. ಕ್ರಿಯಾಯೋಜನೆ ಆಗಸ್ಟಿನಲ್ಲಿ ಒಪ್ಪಿಗೆಯಾದರೆ ಕೆಲಸಕ್ಕೆ ಒಣ ಹವೆಯ ತಿಂಗಳುಗಳು ಸಿಗುತ್ತವೆ. ಡಿಸೆಂಬರಿಗೆ ಜಾರಿತೆಂದರೆ ಮಾರ್ಚ್ ಕೊನೆಯ ವಾರದಲ್ಲಿ ಬಿಲ್ಲುಗಳ ರಾಶಿ ಬೀಳುತ್ತದೆ. ಅಳತೆ ತರಾತುರಿಯಲ್ಲಿ ಆಗುತ್ತದೆ, ಇಲ್ಲವೇ ಅನುದಾನ ಲ್ಯಾಪ್ಸ್ ಆಗುತ್ತದೆ. ಲೆಕ್ಕಪರಿಶೋಧಕರ ಆಕ್ಷೇಪಣೆಗಳ ಬೇರು ಬಹಳ ಸಲ ಇಲ್ಲೇ ಸಿಗುತ್ತದೆ.

ಇದನ್ನೆಲ್ಲ ತಡೆಯಲು ಕಾಯ್ದೆ ಕೊಟ್ಟಿರುವ ಸಾಧನ ಸಭೆ. ಎರಡು ತಿಂಗಳಿಗೆ ಒಮ್ಮೆಯಾದರೂ ಸಾಮಾನ್ಯ ಸಭೆ ಸೇರಬೇಕು, ಹತ್ತು ದಿನ ಮೊದಲೇ ನೋಟಿಸು ಕೊಡಬೇಕು. ಅದರ ಕೆಳಗೆ ಐದು ಸ್ಥಾಯಿ ಸಮಿತಿಗಳು: ಸಾಮಾನ್ಯ; ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನೆ; ಸಾಮಾಜಿಕ ನ್ಯಾಯ; ಶಿಕ್ಷಣ ಮತ್ತು ಆರೋಗ್ಯ; ಕೃಷಿ ಮತ್ತು ಕೈಗಾರಿಕೆ. ಸಭೆಯಲ್ಲಿ ಮೊದಲು ಹಿಂದಿನ ನಡಾವಳಿ ದೃಢೀಕರಣ, ಆಮೇಲೆ ಅನುಪಾಲನಾ ವರದಿ. ಹೊರಗಿನವರಿಗೆ ನೀರಸವೆನಿಸುವ ಈ ಅನುಪಾಲನಾ ವರದಿಯೇ ನನ್ನ ಪ್ರಕಾರ ಇಡೀ ಸಂಸ್ಥೆಯ ಬೆನ್ನೆಲುಬು. ಹೋದ ಸಭೆಯಲ್ಲಿ ಕೇಳಿದ ಅಂಗನವಾಡಿ ಕಟ್ಟಡ ಏನಾಯಿತು, ಕೆಟ್ಟ ಶುದ್ಧ ನೀರಿನ ಘಟಕ ಯಾಕೆ ದುರಸ್ತಿಯಾಗಲಿಲ್ಲ ಎಂಬುದಕ್ಕೆ ಅಧಿಕಾರಿ ಎದ್ದು ನಿಂತು, ಪತ್ರಿಕೆಯವರ ಎದುರಲ್ಲೇ ಉತ್ತರಿಸಬೇಕು. ‘ಕ್ರಮ ವಹಿಸಲಾಗುತ್ತಿದೆ’ ಎಂಬ ಒಂದೇ ಸಾಲು ಮೂರನೇ ಸಭೆಯಲ್ಲೂ ಬಂದರೆ, ಆ ಊರನ್ನು ಬಲ್ಲ ಸದಸ್ಯೆ ಸುಮ್ಮನೆ ಕೂರುವುದಿಲ್ಲ.

ಸದಸ್ಯರಿದ್ದ ಕಾಲದಲ್ಲಿ ಎಲ್ಲವೂ ಸರಿಯಿತ್ತು ಎನ್ನಲಾಗದು. ಪಕ್ಷದ ಒಳಜಗಳದಿಂದ ಕೋರಂ ಇಲ್ಲದೆ ಸಭೆಗಳು ಮುಂದಕ್ಕೆ ಹೋದವು. ಆಗ ಸಿಇಒ ಕಡತದ ಮೇಲೆ ಒಪ್ಪಿಗೆ ಕೊಟ್ಟು, ಮುಂದಿನ ಸಭೆಗೆ ‘ಘಟನೋತ್ತರ ಅನುಮೋದನೆ’ಗೆ ತರುವುದು ರೂಢಿಯಾಯಿತು. ಆ ದಾರಿ ಒಮ್ಮೆ ತೆರೆದರೆ ಸಭೆಯ ಬೆಲೆ ಇಳಿಯುತ್ತಾ ಹೋಗುತ್ತದೆ. ಈಗ ಆಡಳಿತಾಧಿಕಾರಿಯೇ ಸಭೆಯ ಜಾಗದಲ್ಲೂ ಇರುವುದರಿಂದ ಯೋಜನೆ ಮಾಡುವವರೂ, ಅದಕ್ಕೆ ಒಪ್ಪಿಗೆ ಕೊಡುವವರೂ ಸರ್ಕಾರದ ನೌಕರರೇ. ಅಧ್ಯಕ್ಷರು ನಡೆಸಬೇಕಿದ್ದ ತಿಂಗಳ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಪರಿಶೀಲನಾ ಸಭೆಯೂ ಅಧಿಕಾರಿಗಳಿಗೆ ಬಂದಿದೆ. ಉಸ್ತುವಾರಿ ಸಚಿವರ ತ್ರೈಮಾಸಿಕ ಕೆಡಿಪಿ ಸಭೆಯಲ್ಲಿ ಇಡೀ ಜಿಲ್ಲೆಯ ಎಲ್ಲ ಇಲಾಖೆಗಳ ಪಟ್ಟಿ ಒಂದು ದಿನದಲ್ಲಿ ಮುಗಿಯಬೇಕು. ಒಂದು ಹಳ್ಳಿಯ ನೀರಿನ ಘಟಕಕ್ಕೆ ಅಲ್ಲಿ ಎಷ್ಟು ನಿಮಿಷ ಸಿಕ್ಕೀತು?

ಚುನಾವಣೆ ನಿಂತದ್ದು ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿಯಲ್ಲಿ. ರಾಜ್ಯ ಚುನಾವಣಾ ಆಯೋಗ 2021ರಲ್ಲಿ ಎರಡನ್ನೂ ಸಿದ್ಧಪಡಿಸಿತ್ತು. ಅದೇ ವರ್ಷ ವಿಧಾನಮಂಡಲ ಕಾಯ್ದೆಗೆ ತಿದ್ದುಪಡಿ ತಂದು, ವಿಂಗಡಣೆಯ ಕೆಲಸವನ್ನು ಬೇರೆ ಆಯೋಗಕ್ಕೆ ವಹಿಸಿತು. ಹಿಂದುಳಿದ ವರ್ಗಗಳ ಮೀಸಲಾತಿಗೆ ಮೂರು ಹಂತದ ಪರಿಶೀಲನೆ ಬೇಕೆಂದು ಸುಪ್ರೀಂ ಕೋರ್ಟ್ 2021ರ ಮಾರ್ಚಿನಲ್ಲಿ ಹೇಳಿದ್ದರಿಂದ ಅದಕ್ಕೂ ಪ್ರತ್ಯೇಕ ಆಯೋಗ ಬೇಕಾಯಿತು. ಮೀಸಲಾತಿ ನ್ಯಾಯವಾಗಿರಬೇಕೆಂಬುದು ಸರಿಯೇ. ಆದರೆ ಪಂಚಾಯತ್‌ನ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಅದು ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಸರ್ಕಾರಗಳು ಬದಲಾದವು, ವಿಳಂಬ ಬದಲಾಗಲಿಲ್ಲ.

ಇದಕ್ಕೆ ಹಣದ ರೂಪದ ದಂಡವೂ ಇದೆ. 14ನೇ ಹಣಕಾಸು ಆಯೋಗದ ಅನುದಾನ ಗ್ರಾಮ ಪಂಚಾಯಿತಿಗಳಿಗೆ ಮಾತ್ರ ಇತ್ತು. 15ನೇ ಆಯೋಗ ತಾಲ್ಲೂಕು, ಜಿಲ್ಲಾ ಪಂಚಾಯತ್‌ಗಳಿಗೂ ಪಾಲು ಕೊಟ್ಟಿತು. ಆದರೆ ಚುನಾಯಿತ ಸಂಸ್ಥೆ ಇಲ್ಲದ ಕಡೆ ಆ ಪಾಲು ಬಿಡುಗಡೆಯಾಗುವುದಿಲ್ಲ. ತೆರಿಗೆಯ ದಾರಿ ಇಲ್ಲದ ಸಂಸ್ಥೆಗೆ ಇದು ದೊಡ್ಡ ಪೆಟ್ಟು.

ಹೊಸ ಸದಸ್ಯರು ಬಂದ ದಿನ ಅವರ ಮುಂದೆ ಮೂರು ಕೆಲಸ ಇರುತ್ತವೆ. ಐದು ಸ್ಥಾಯಿ ಸಮಿತಿಗಳನ್ನು ಮೊದಲ ಸಭೆಗಳಲ್ಲೇ ರಚಿಸಬೇಕು, ಇಲ್ಲದಿದ್ದರೆ ಕ್ರಿಯಾಯೋಜನೆಗಳು ಮತ್ತೆ ಡಿಸೆಂಬರಿಗೆ ಜಾರುತ್ತವೆ. ಆಡಳಿತಾಧಿಕಾರಿಗಳ ಕಾಲದಲ್ಲಿ ಮಂಜೂರಾಗಿ ಮುಗಿಯದೆ ಉಳಿದ ಕಾಮಗಾರಿಗಳ ಪಟ್ಟಿಯನ್ನು ತಾಲ್ಲೂಕುವಾರು ಕೇಳಿ ಪಡೆಯಬೇಕು. ಜೊತೆಗೆ ಆ ವರ್ಷಗಳ ಲೆಕ್ಕಪರಿಶೋಧನೆಯಲ್ಲಿ ಬಾಕಿ ಇರುವ ಆಕ್ಷೇಪಣೆಗಳನ್ನು, ಉತ್ತರಿಸಬೇಕಾದ ಅಧಿಕಾರಿಯ ಹುದ್ದೆ ಸಮೇತ, ಹಣಕಾಸು ಸಮಿತಿಯ ಮೊದಲ ಕಾರ್ಯಸೂಚಿಗೆ ಸೇರಿಸಬೇಕು.