ಶರಾವತಿ ಕಣಿವೆಯ ಕಾಲ್ದಾರಿ: ಮಳೆ ಒಂದು ಲೆಕ್ಕ, ಅಣೆಕಟ್ಟು ಇನ್ನೊಂದು ಲೆಕ್ಕ

ಜೋಗಕ್ಕೆ ಯಾವಾಗ ಹೋಗಬೇಕು ಅಂತ ಯಾರನ್ನೇ ಕೇಳಿ, ಮಳೆಗಾಲದಲ್ಲಿ ಎನ್ನುತ್ತಾರೆ. ಸಾಗರದ ಕಡೆಯವರು ಮಾತ್ರ ಮೊದಲು ಜೋಗದ ಮೇಲಿರುವ ಲಿಂಗನಮಕ್ಕಿ ಅಣೆಕಟ್ಟಿನ ನೀರು ಎಷ್ಟು ಅಡಿಗೆ ಬಂದಿದೆ ಅಂತ ನೋಡುತ್ತಾರೆ. ಜುಲೈಯಲ್ಲಿ ಜಡಿಮಳೆ ಹೊಡೆಯುತ್ತಿದ್ದರೂ ಆ ನೀರಿನ ಬಹುಪಾಲು ಮೇಲಿನ ಜಲಾಶಯದಲ್ಲೇ ನಿಂತುಬಿಡುತ್ತದೆ. ಜೋಗದಲ್ಲಿ ಬೀಳುವುದು ಅಣೆಕಟ್ಟಿನ ಕೆಳಗೆ ಸುರಿದ ಮಳೆಯ ನೀರು ಮಾತ್ರ. ಮಟ್ಟ 1,819 ಅಡಿಯ ಹತ್ತಿರ ಬಂದು ಗೇಟು ತೆರೆದರೆ ರಾಜಾ, ರೋರರ್, ರಾಕೆಟ್, ರಾಣಿ ನಾಲ್ಕೂ ಧಾರೆಗಳು ಒಂದಾಗಿ ಧುಮುಕುತ್ತವೆ. ಕೆಲವು ವರ್ಷ ಗೇಟು ತೆರೆಯುವುದೇ ಇಲ್ಲ.

ಈ ಕಣಿವೆಯಲ್ಲಿ ನಡೆಯಲು ಬರುವವರು ಇದನ್ನು ತಿಳಿದಿರುವುದು ಒಳ್ಳೆಯದು. ಇಲ್ಲಿ ಋತುವಿನ ಜೊತೆ ನೋಟವಷ್ಟೇ ಅಲ್ಲ, ದಾರಿಯೂ ಬದಲಾಗುತ್ತದೆ.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಯ ಉದ್ದ ಸುಮಾರು 128 ಕಿ.ಮೀ. ಅಷ್ಟೇ. 1956ಕ್ಕೆ ಮೊದಲು ಜೋಗದ ಬಳಿ ಈ ಹೊಳೆಯೇ ಮೈಸೂರು ಮತ್ತು ಮುಂಬೈ ಪ್ರಾಂತ್ಯಗಳ ಗಡಿಯಾಗಿತ್ತು. ಆಚೆ ದಡದಲ್ಲಿ ಬಾಂಬೆ ಬಂಗಲೆ ಅನ್ನುವ ಹೆಸರು ಉಳಿದಿರುವುದು ಅದಕ್ಕೇ.

1939ರಲ್ಲಿ ಮೈಸೂರು ಸರ್ಕಾರ ಇಲ್ಲಿ ವಿದ್ಯುತ್ ಯೋಜನೆಯ ಕೆಲಸ ಶುರು ಮಾಡಿತು. ನೀರು ಹಿಡಿದಿಡಲು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. 1948ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಮಹಾತ್ಮ ಗಾಂಧಿಯ ಹೆಸರಿನ ವಿದ್ಯುದಾಗಾರ ಅದೇ. ಆದರೆ ರಾಜ್ಯಕ್ಕೆ ಅಷ್ಟು ಸಾಲಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದರ ಸಾಮರ್ಥ್ಯ 151 ಟಿಎಂಸಿ, ಹಿನ್ನೀರಿನ ಹರವು 300 ಚದರ ಕಿ.ಮೀ.ಗಿಂತ ಜಾಸ್ತಿ. ಹಳೇ ಅಣೆಕಟ್ಟು ಹೊಸದರ ನೀರಿನೊಳಗೆ ಹೋಯಿತು. ಅದರ ಜೊತೆಗೆ ಊರು, ಅಡಕೆ ತೋಟ, ಗದ್ದೆ, ದೇವಸ್ಥಾನಗಳೂ ಹೋದವು.

ಬೇಸಿಗೆಯ ನಡಿಗೆಗೆ ಅರ್ಥ ಬರುವುದೇ ಇಲ್ಲಿ. ಮಳೆ ಕೈಕೊಟ್ಟ ವರ್ಷ, ಏಪ್ರಿಲ್–ಮೇ ಹೊತ್ತಿಗೆ ಹಿನ್ನೀರು ತೀರಾ ಇಳಿದರೆ ಮಡೆನೂರಿನ ಕಟ್ಟೆ ಮತ್ತೆ ಹೊರಗೆ ಬರುತ್ತದೆ. ದಶಕಗಳ ಕಾಲ ನೀರಲ್ಲಿದ್ದರೂ ಕಲ್ಲಿನ ಕಟ್ಟಡ ಗಟ್ಟಿಯಾಗಿಯೇ ನಿಂತಿದೆ. ನೀರು ತಾನಾಗಿ ಹೊರಹೋಗಲು ಮಾಡಿದ್ದ ಸೈಫನ್‌ಗಳನ್ನೂ ನೋಡಬಹುದು. ಅಲ್ಲಿಗೆ ಹೋಗುವ ದಾರಿ ಬಿರುಕುಬಿಟ್ಟ ಕೆಸರು ನೆಲ. ನಡುನಡುವೆ ಕರಗದೆ ಉಳಿದ ಮರದ ಬೊಡ್ಡೆಗಳು. ಜನ ಸೆಲ್ಫಿಗೆ ಮುಗಿಬೀಳುತ್ತಾರೆ, ತಪ್ಪೇನಿಲ್ಲ. ಆದರೆ ಅಲ್ಲಿ ಕಾಲಿಡುವ ನೆಲ ಒಂದು ಕಾಲಕ್ಕೆ ಯಾರದೋ ಗದ್ದೆಯಾಗಿತ್ತು. ಹಾಗೆ ಎದ್ದುಹೋದ ಕುಟುಂಬಗಳಲ್ಲಿ ಎಷ್ಟೋ ಮಂದಿಗೆ, ಪುನರ್ವಸತಿ ಎಂದು ಕೊಟ್ಟ ಜಾಗದ ಹಕ್ಕುಪತ್ರ ಇಂದಿಗೂ ಸಿಕ್ಕಿಲ್ಲ. ದಾಖಲೆಯಲ್ಲಿ ಅದು ಅರಣ್ಯ ಭೂಮಿ. ನಾಡಿಗೆ ಬೆಳಕು ಕೊಡಲು ಮನೆ ಬಿಟ್ಟವರು ಒತ್ತುವರಿದಾರರಾಗಿ ಕೂತಿದ್ದಾರೆ. ನನಗೆ ಕಣಿವೆಯ ಎಲ್ಲಾ ಕಥೆಗಳಲ್ಲಿ ಇದೇ ಹೆಚ್ಚು ಕಹಿ ಅನ್ನಿಸುತ್ತದೆ.

ನೀರು ಊರುಗಳನ್ನು ಮುಳುಗಿಸಿದ್ದಷ್ಟೇ ಅಲ್ಲ, ಉಳಿದವನ್ನು ಕತ್ತರಿಸಿತು ಕೂಡ. ಸಿಗಂದೂರು, ತುಮರಿ ಕಡೆಯವರು ಸಾಗರಕ್ಕೆ ಬರಲು ದಶಕಗಳ ಕಾಲ ಲಾಂಚ್ ನಂಬಿಕೊಂಡಿದ್ದರು. ನೀರು ತೀರಾ ಇಳಿದಾಗ ಲಾಂಚ್‌ಗೆ ವಾಹನ ಹತ್ತಿಸುತ್ತಿರಲಿಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಈ ಗೋಳು ಮುಗಿಯಿತು. ಪ್ರವಾಸಿಗರ ಕಾರುಗಳೂ ಅದೇ ಸೇತುವೆ ಮೇಲೆ ಬರುತ್ತಿವೆ, ಅದು ಬೇರೆ ಮಾತು.

ಮಳೆಗಾಲದಲ್ಲಿ ಕಾಡಿನ ಒಳದಾರಿ ಹಿಡಿಯದಿರುವುದೇ ವಾಸಿ. ಇಂಬಳ, ಜಾರುವ ಬಂಡೆ, ಏಕಾಏಕಿ ತುಂಬಿ ಬರುವ ಹಳ್ಳ. ನಡೆಯಲು ಹದವಾದ ಕಾಲ ನವೆಂಬರ್‌ನಿಂದ ಜನವರಿ. ಹಸಿರು ಇನ್ನೂ ಇರುತ್ತದೆ, ಹಳ್ಳದಲ್ಲಿ ನೀರು ತಿಳಿಯಾಗಿರುತ್ತದೆ, 1,343 ಮೀಟರ್ ಎತ್ತರದ ಕೊಡಚಾದ್ರಿಯಿಂದ ಪಡುವಣದ ತಗ್ಗು ಸ್ಪಷ್ಟವಾಗಿ ಕಾಣುತ್ತದೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡ ಕಾನೂರು ಕೋಟೆಯೂ ಇದೇ ಕಣಿವೆಯ ಕಾಡಿನಲ್ಲಿದೆ. ಆದರೆ ಸುಮ್ನೆ ಬ್ಯಾಗ್ ಹಾಕ್ಕೊಂಡು ಹೊರಡುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು.

ಈ ನಿರ್ಬಂಧಕ್ಕೂ ಹಿನ್ನೆಲೆ ಇದೆ. 1972ರಲ್ಲಿ ಸುಮಾರು 431 ಚದರ ಕಿ.ಮೀ. ಕಾಡು ಅಭಯಾರಣ್ಯವಾಯಿತು. 2019ರಲ್ಲಿ ಅದನ್ನು ಸುಮಾರು 930 ಚದರ ಕಿ.ಮೀ.ಗೆ ಹಿಗ್ಗಿಸಿ ಇಲ್ಲಿನ ಸಿಂಗಳೀಕ ಎಂಬ ಕೋತಿಯ ಹೆಸರನ್ನೇ ಇಟ್ಟರು. ಸಿಂಗಳೀಕ ನೆಲಕ್ಕಿಳಿಯುವುದು ಕಡಿಮೆ. ಮರದಿಂದ ಮರಕ್ಕೆ ಕೊಂಬೆ ಕೂಡಿಕೊಂಡಿದ್ದರೆ ಮಾತ್ರ ಅದರ ಸಂಸಾರ ಸಾಗುತ್ತದೆ. ಅಗಲವಾದ ರಸ್ತೆಯೊಂದು ಬಂದರೂ ಅದರ ದಾರಿ ತುಂಡಾಗುತ್ತದೆ. ಮನುಷ್ಯರಿಗೆ ಹಾಕಿದ ಕಟ್ಟುಪಾಡು ಒಪ್ಪಿಕೊಳ್ಳುವಂಥದ್ದೇ, ಅಲ್ವಾ?

ಅದೇ ಅಭಯಾರಣ್ಯದಲ್ಲಿ ಈಗ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಜಗಳ ನಡೆದಿದೆ. ವಿದ್ಯುತ್ ಬೇಡಿಕೆ ಕಡಿಮೆ ಇರುವ ಹೊತ್ತಿನಲ್ಲಿ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಳಕಳಲೆ ಜಲಾಶಯಕ್ಕೆ ಎತ್ತುವುದು, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು ಯೋಜನೆಯ ಲೆಕ್ಕ. ಸುರಂಗಗಳು ಭೂಮಿಯೊಳಗೇ ಹೋಗುತ್ತವೆ ಎನ್ನುವುದು ಪರವಾಗಿರುವವರ ವಾದ. ಅವುಗಳನ್ನು ಕೊರೆಯಲು ಬೇಕಾಗುವ ರಸ್ತೆ, ತೆಗೆದ ಮಣ್ಣು ಸುರಿಯುವ ಜಾಗ ಭೂಮಿಯ ಮೇಲೇ ಇರುತ್ತವಲ್ಲ ಎಂದು ವಿರೋಧಿಸುವವರು ಕೇಳುತ್ತಿದ್ದಾರೆ.