ಮುನಿದ ಕಾರ್ಯಕರ್ತ ಎಲ್ಲಿಗೆ ಹೋಗುತ್ತಾನೆ?

ಚುನಾವಣಾ ಪ್ರಚಾರದ ಕೆಲಸಕ್ಕೆ ಇಳಿದವರು ಮೊದಲು ಕಲಿಯುವುದು ಒಂದು ಸಣ್ಣ ಲೆಕ್ಕ. ಎದುರಾಳಿಗೆ ಬೀಳಬೇಕಿದ್ದ ಮತವನ್ನು ಈ ಕಡೆ ತಂದರೆ ಅಂತರದಲ್ಲಿ ಎರಡು ಮತದ ಲಾಭ. ಅವರಿಗೆ ಒಂದು ಕಡಿಮೆ, ನಮಗೆ ಒಂದು ಜಾಸ್ತಿ. ನಮ್ಮದೇ ಕಟ್ಟಾ ಬೆಂಬಲಿಗ ಮುನಿಸಿಕೊಂಡು ಮನೆಯಲ್ಲಿ ಕೂತರೆ ಹೋಗುವುದು ಒಂದೇ. ಹಾಗಾಗಿ ನಾಯಕರ ಕಣ್ಣು ಯಾವ ಕಡೆಗೂ ಗಟ್ಟಿಯಾಗಿ ವಾಲದ ನಡುವಿನ ಮತದಾರರ ಮೇಲೆ. ಹೆಚ್ಚಿನ ಜನ ನಡುವೆ ಇದ್ದರೆ ಎರಡು ಪಕ್ಷಗಳೂ ಅಲ್ಲಿಗೇ ಸರಿಯುತ್ತವೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1957ರಲ್ಲೇ ವಾದಿಸಿದ್ದರು.

ಲೆಕ್ಕ ಸರಿಯೇ. ಆದರೆ ಮನೆಮನೆ ಸುತ್ತುವವನು, ಕರಪತ್ರ ಹಂಚುವವನು, ಮಳೆಯಲ್ಲೂ ನಾಲ್ಕು ಜನರನ್ನು ಮತಗಟ್ಟೆಗೆ ಕರೆತರುವವನು ಅದೇ ಕಟ್ಟಾ ಬೆಂಬಲಿಗ. ಅವನು ಕೂತರೆ ಐದು ಮತ ಕೂತಂತೆ. ನಡುವಿನವರಿಗೆ ಎಷ್ಟೋ ಸಲ ಚುನಾವಣೆ ಯಾವತ್ತು ಅನ್ನುವುದೂ ನೆನಪಿರುವುದಿಲ್ಲ!

ಅವರನ್ನು ನಂಬಿಸುವುದೂ ಸುಲಭವಲ್ಲ. ಸುಮ್ನೆ ಮಾತು ಮೆತ್ತಗೆ ಮಾಡಿದರೆ ಸಾಲದು. ಪಕ್ಷ ತನ್ನವರ ಎದುರಿಗೇ ಏನಾದರೂ ಬಿಟ್ಟುಕೊಟ್ಟರೆ ತಿರುಗಿ ನೋಡುತ್ತಾರೆ. ಬ್ರಿಟನ್ನಿನ ಲೇಬರ್ ಪಕ್ಷದ ನಿಯಮಾವಳಿಯಲ್ಲಿ 1918ರಿಂದ ಒಂದು ಸಾಲಿತ್ತು: ಉತ್ಪಾದನೆಯ ಸಾಧನಗಳು ಎಲ್ಲರ ಒಡೆತನದಲ್ಲಿ ಇರಬೇಕು. ಇದೇ ಪ್ರಸಿದ್ಧ ನಾಲ್ಕನೇ ಕಲಂ. 1995ರಲ್ಲಿ ಪಕ್ಷದ ನಾಯಕ ಟೋನಿ ಬ್ಲೇರ್ ವಿಶೇಷ ಸಮ್ಮೇಳನ ಕರೆದು ಅದನ್ನು ತೆಗೆಸಿದರು. ಎಡಪಂಥೀಯರು ಕೂಗಾಡಿದರು. ಆ ಕೂಗು ನಡುವಿನವರಿಗೆ ಕೇಳಿಸಿದ್ದೇ ಬ್ಲೇರ್‌ಗೆ ಆದ ಲಾಭ ಅನ್ನುವುದು ನನ್ನ ಅಂದಾಜು. 1997ರ ಸಂಸತ್ ಚುನಾವಣೆಯಲ್ಲಿ ಲೇಬರ್ 418 ಸ್ಥಾನದೊಂದಿಗೆ ಗೆದ್ದಿತು.

2001ರಲ್ಲೂ 413. ಆದರೆ ಲೇಬರ್‌ಗೆ ಬಿದ್ದ ಮತ ಸುಮಾರು 1.35 ಕೋಟಿಯಿಂದ 1.07 ಕೋಟಿಗೆ ಇಳಿದಿತ್ತು. ಗೆಲುವು ಖಚಿತ ಎಂದು ಕೆಲವರು ಬರಲಿಲ್ಲ, ಒಪ್ಪುತ್ತೇನೆ. ಎಲ್ಲರೂ ಹಾಗಲ್ಲ. ಹೆಚ್ಚು ಮತ ಪಡೆದವರೇ ಕ್ಷೇತ್ರ ಗೆಲ್ಲುವ ಪದ್ಧತಿಯಲ್ಲಿ ಮುನಿದವರಿಗೆ ಹೋಗಲು ಬೇರೆ ಬಾಗಿಲು ಕಡಿಮೆ. ಅದು ಬ್ಲೇರ್‌ ಅವರನ್ನು ಕಾಪಾಡಿತು.

ಜರ್ಮನಿಯಲ್ಲಿ ಆ ಬಾಗಿಲಿದೆ. ಶೇ 5 ಮತ ಬಂದರೆ ಹೊಸ ಪಕ್ಷವೂ ಸಂಸತ್ತಿಗೆ ಹೋಗುತ್ತದೆ. 2003ರಲ್ಲಿ ಆಗಿನ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ), ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಗೆರ್ಹಾರ್ಡ್ ಶ್ರೋಡರ್ ನಿರುದ್ಯೋಗ ಭತ್ಯೆಗೆ ಕತ್ತರಿ ಹಾಕುವ ಸುಧಾರಣೆ ಘೋಷಿಸಿದರು. ಕಾರ್ಮಿಕ ಸಂಘಟನೆಗಳ ಜನ ಪಕ್ಷ ಬಿಟ್ಟರು. ಪಕ್ಷದ ಮಾಜಿ ಅಧ್ಯಕ್ಷ ಲಾಫೊಂಟೇನ್ ಕೂಡ ಅವರ ಜೊತೆಯಾದರು. 1998ರಲ್ಲಿ ಶೇ 40.9 ಮತ ಪಡೆದಿದ್ದ ಸೋಷಿಯಲ್ ಡೆಮಾಕ್ರಟಿಕ್ ಪಕ್ಷಕ್ಕೆ 2009ರಲ್ಲಿ ಸಿಕ್ಕಿದ್ದು ಶೇ 23. ಬಿಟ್ಟುಹೋದವರು ಸೇರಿದ ಹೊಸ ಎಡಪಕ್ಷಕ್ಕೆ ಶೇ 11.9.

ಆದ್ದರಿಂದ ನಾಯಕರನ್ನು ನಾನು ಮೊದಲು ಕೇಳುವುದು, ನಿಮ್ಮವರಿಂದ ಏನನ್ನಾದರೂ ಕಿತ್ತುಕೊಂಡರೆ ಬದಲಿಗೆ ಏನು ಕೊಡುತ್ತೀರಿ ಅಂತ. ಬ್ಲೇರ್ ಕಲಂ ತೆಗೆದರು, 1999ರಲ್ಲಿ ಕನಿಷ್ಠ ವೇತನ ತಂದರು. ಜರ್ಮನಿಯಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಕನಿಷ್ಠ ವೇತನ ಬಂದಿದ್ದು 2015ರಲ್ಲಿ. ಅಷ್ಟರಲ್ಲಿ ಹೋದವರು ಬೇರೆ ಮನೆ ಕಟ್ಟಿಕೊಂಡು ವರ್ಷಗಳೇ ಆಗಿದ್ದವು.