ಇಡೀ ಖಂಡದ ಮೇಲಿನ ಓಝೋನನ್ನು ಅಳೆಯುವುದು ಹೇಗೆ? ಒಂದು ಅಧ್ಯಯನ ಟಿಪ್ಪಣಿ

ಈ ವಿಷಯಕ್ಕೆ ಕೈ ಹಾಕುವ ಮೊದಲು ಡಾಬ್ಸನ್ ಯೂನಿಟ್ ಎಂದರೇನು ಎಂಬುದು ಮನದಟ್ಟಾಗಬೇಕು. ನಮ್ಮ ತಲೆಯ ಮೇಲೆ, ನೆಲದಿಂದ ವಾಯುಮಂಡಲದ ತುದಿಯವರೆಗೆ ಚದುರಿರುವ ಓಝೋನನ್ನೆಲ್ಲ ಒಟ್ಟುಗೂಡಿಸಿ, 0 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಸಮುದ್ರಮಟ್ಟದ ಒತ್ತಡದಲ್ಲಿ ಒಂದು ಪದರವಾಗಿ ಹಾಸಿದೆವು ಎಂದುಕೊಳ್ಳಿ. ಅದರ ದಪ್ಪ ಸುಮಾರು 3 ಮಿಲಿಮೀಟರ್ ಮಾತ್ರ. ಇದನ್ನೇ 300 ಡಾಬ್ಸನ್ ಯೂನಿಟ್ ಎನ್ನುತ್ತಾರೆ. ಒಂದು ಯೂನಿಟ್ ಎಂದರೆ ಮಿಲಿಮೀಟರಿನ ನೂರನೇ ಒಂದು ಪಾಲು. ಜೀವರಾಶಿಯನ್ನು ಕಾಯುವ ಪದರ ಇಷ್ಟು ತೆಳುವೇ ಎಂದು ಮೊದಲ ಸಲ ಓದಿದಾಗ ನಾನು ಬಹಳ ಹೊತ್ತು ಅದೇ ಸಾಲಿನಲ್ಲಿ ನಿಂತಿದ್ದೆ.

ಅಳೆಯುವ ಉಪಾಯವನ್ನು 1920ರ ದಶಕದಲ್ಲಿ ಆಕ್ಸ್‌ಫರ್ಡ್‌ನ ಜಿ.ಎಂ.ಬಿ. ಡಾಬ್ಸನ್ ರೂಪಿಸಿದರು. ಸೂರ್ಯನ ಬೆಳಕಿನಲ್ಲಿ ಎರಡು ನೇರಳಾತೀತ ತರಂಗಾಂತರಗಳನ್ನು ಆರಿಸಿಕೊಳ್ಳುತ್ತಾರೆ. 305.5 ನ್ಯಾನೊಮೀಟರಿನ ಕಿರಣವನ್ನು ಓಝೋನ್ ಚೆನ್ನಾಗಿ ಹೀರುತ್ತದೆ, 325.4 ನ್ಯಾನೊಮೀಟರಿನದನ್ನು ಅಷ್ಟಾಗಿ ಹೀರುವುದಿಲ್ಲ. ನೆಲಕ್ಕೆ ತಲುಪಿದ ಈ ಎರಡರ ಅನುಪಾತವೇ ಓಝೋನಿನ ಪ್ರಮಾಣವನ್ನು ಹೇಳುತ್ತದೆ. ಒಂದೇ ಕಿರಣ ಏಕೆ ಸಾಲದು? ಆಕಾಶದಲ್ಲಿ ಮಸುಕು ಇದ್ದರೆ ಅದೂ ಬೆಳಕನ್ನು ತಗ್ಗಿಸುತ್ತದೆ. ಆದರೆ ಮಸುಕು ಎರಡು ಕಿರಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುವುದರಿಂದ ಅನುಪಾತ ಅಷ್ಟಾಗಿ ಕೆಡುವುದಿಲ್ಲ. ಉಳಿಯುವ ಸಣ್ಣ ದೋಷವನ್ನು ಕಳೆಯಲು ಇನ್ನೊಂದು ಜೋಡಿ ತರಂಗಾಂತರಗಳನ್ನು ಬಳಸುತ್ತಾರೆ.

ಒಂದು ಲೆಕ್ಕ ಮಾಡಿ ನೋಡೋಣ. ಸೂರ್ಯ ನೆತ್ತಿಯಿಂದ 60 ಡಿಗ್ರಿ ಓರೆಯಾಗಿದ್ದರೆ ಬೆಳಕು ಓಝೋನಿನಲ್ಲಿ ಸುಮಾರು ಎರಡು ಪಟ್ಟು ದೂರ ಸಾಗಿ ಬರುತ್ತದೆ. ಆ ಓರೆದಾರಿಯಲ್ಲಿ 560 ಯೂನಿಟ್ ಸಿಕ್ಕಿದರೆ ನೇರ ಮೇಲಿರುವುದು 280. ಈ ಭಾಗಾಕಾರ ಮರೆತರೆ ಬೆಳಿಗ್ಗೆಯ ಅಂಕಿಗೂ ಮಧ್ಯಾಹ್ನದ ಅಂಕಿಗೂ ತಾಳೆಯೇ ಆಗುವುದಿಲ್ಲ.

ಇಷ್ಟಾದರೂ ನೆಲದ ಮೇಲಿನ ಡಾಬ್ಸನ್ ಉಪಕರಣ ಹೇಳುವುದು ತಾನಿರುವ ಜಾಗದ ಆಕಾಶದ ಮಾತನ್ನು ಮಾತ್ರ. ಓಝೋನ್ ಗಾಳಿಯೊಂದಿಗೆ ಸಾಗುತ್ತಿರುತ್ತದೆ. ವಿಶಾಲ ಪ್ರದೇಶದ ಚಿತ್ರ ಬೇಕಾದರೆ ಮೇಲಿನಿಂದ ನೋಡಬೇಕು. 1978ರಲ್ಲಿ ಹಾರಿದ ನಿಂಬಸ್-7 ಉಪಗ್ರಹದ ಟಾಮ್ಸ್ ಉಪಕರಣ ಈ ಕೆಲಸ ಮಾಡಿತು. ಭೂಮಿಯಿಂದ ಮತ್ತು ಗಾಳಿಯಿಂದ ಚದುರಿ ಮರಳುವ ನೇರಳಾತೀತ ಬೆಳಕನ್ನು ಅಳೆದು, ಬಿಸಿಲು ಬೀಳುವ ಭೂಭಾಗದ ನಕ್ಷೆಯನ್ನು ದಿನವೂ ಕೊಡುತ್ತಿತ್ತು. 2017ರಲ್ಲಿ ಹಾರಿದ ಸೆಂಟಿನೆಲ್-5ಪಿ ಉಪಗ್ರಹದ ಟ್ರೊಪೊಮಿ ಇದೇ ಕುಲದ್ದು, ದೃಷ್ಟಿ ಮಾತ್ರ ಬಹಳ ಸೂಕ್ಷ್ಮ.

ಹಾಗಾದರೆ ನೆಲದ ಉಪಕರಣಗಳನ್ನು ಮೂಲೆಗಿಡಬಹುದೇ? ಕೂಡದು. ಅಂಟಾರ್ಕ್ಟಿಕಾದ ಪ್ರಸಂಗವನ್ನು ದಯವಿಟ್ಟು ಅವಸರದಲ್ಲಿ ಓದಬೇಡಿ. ಹ್ಯಾಲಿ ಬೇ ನೆಲೆಯಲ್ಲಿ ಬ್ರಿಟಿಷ್ ವಿಜ್ಞಾನಿಗಳು 1950ರ ದಶಕದಿಂದಲೂ ಡಾಬ್ಸನ್ ಉಪಕರಣದಿಂದ ಅಳೆಯುತ್ತಿದ್ದರು. ಅಕ್ಟೋಬರ್ ತಿಂಗಳಲ್ಲಿ ಸುಮಾರು 300 ಯೂನಿಟ್ ಇರುತ್ತಿದ್ದ ಓಝೋನ್ 1984ರ ಹೊತ್ತಿಗೆ 200ರ ಆಸುಪಾಸಿಗೆ ಇಳಿದಿತ್ತು. ಫಾರ್ಮನ್, ಗಾರ್ಡಿನರ್ ಮತ್ತು ಶಾಂಕ್ಲಿನ್ ಇದನ್ನು 1985ರಲ್ಲಿ ಪ್ರಕಟಿಸಿದರು. ಟಾಮ್ಸ್ ಕೂಡ ಆ ಕುಸಿತವನ್ನು ಕಂಡಿತ್ತು. ಆದರೆ 180 ಯೂನಿಟ್‌ಗಿಂತ ಕಡಿಮೆ ಬಂದ ಅಂಕಿಗಳನ್ನು ಅದರ ಗಣಕಕ್ರಮ ‘ದೋಷವಿರಬಹುದು’ ಎಂದು ಗುರುತಿಸುತ್ತಿತ್ತು. ಟಾಮ್ಸ್ ತಂಡದವರು ಅವುಗಳನ್ನು ದಕ್ಷಿಣ ಧ್ರುವದ ನೆಲೆಯ ಅಂಕಿಯೊಂದಿಗೆ ಹೋಲಿಸಿದಾಗ ಅಲ್ಲಿ ಸುಮಾರು 300 ಎಂದಿತ್ತು. ತಪ್ಪಿದ್ದದ್ದು ಆ ನೆಲೆಯ ಅಂಕಿ ಎಂಬುದು ಆಮೇಲೆ ತಿಳಿಯಿತು! ಉಪಗ್ರಹ ಅಂಕಿಗಳನ್ನು ಎಸೆದುಬಿಟ್ಟಿತು ಎಂದು ಹಲವೆಡೆ ಬರೆದಿರುತ್ತಾರೆ, ಅದು ಸರಿಯಲ್ಲ. ಅಂಕಿಗಳು ಉಳಿದಿದ್ದವು. ಅವುಗಳಿಂದಲೇ ಆ ಕುಸಿತದ ಪ್ರದೇಶ, ಅಂದರೆ ‘ಓಝೋನ್ ರಂಧ್ರ’, ಖಂಡದಷ್ಟು ವಿಶಾಲವಾದುದೆಂದು ಗೊತ್ತಾಯಿತು. ಕುಸಿತ ನಿಜವೆಂದು ಸಾಧಿಸಲು ಹ್ಯಾಲಿಯ ದೀರ್ಘ ದಾಖಲೆ ಬೇಕಾಯಿತು, ಅದರ ಹರವನ್ನು ತೋರಿಸಲು ಉಪಗ್ರಹ ಬೇಕಾಯಿತು.

ಒಟ್ಟು ಪ್ರಮಾಣ ಗೊತ್ತಾದ ಮೇಲೂ, ನಷ್ಟ ಯಾವ ಎತ್ತರದಲ್ಲಿ ಆಗಿದೆ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಓಝೋನ್‌ಸೋಂಡ್ ಎಂಬ ಪುಟ್ಟ ಅಳತೆಯ ಉಪಕರಣ ಕಟ್ಟಿದ ಬಲೂನನ್ನು ಬಿಡುತ್ತಾರೆ. ಪುಟ್ಟ ಪಂಪೊಂದು ಗಾಳಿಯನ್ನು ಪೊಟ್ಯಾಸಿಯಂ ಅಯೊಡೈಡ್ ದ್ರಾವಣದೊಳಕ್ಕೆ ಊದುತ್ತದೆ. ಓಝೋನ್ ಬೆರೆತಾಗ ಸಣ್ಣ ವಿದ್ಯುತ್ ಪ್ರವಾಹ ಹರಿಯುತ್ತದೆ, ಅದನ್ನು ರೇಡಿಯೊ ಮೂಲಕ ಕೆಳಗೆ ಕಳಿಸುತ್ತದೆ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಏರಿದರೆ 30 ಕಿಲೋಮೀಟರ್ ತಲುಪಲು 100 ನಿಮಿಷ. ಅಂಟಾರ್ಕ್ಟಿಕಾದಲ್ಲಿ ಹೀಗೆ ಏರಿದ ಬಲೂನುಗಳು, ಅಲ್ಲಿನ ವಸಂತದಲ್ಲಿ (ಸೆಪ್ಟೆಂಬರ್-ಅಕ್ಟೋಬರ್) ಸುಮಾರು 14ರಿಂದ 20 ಕಿಲೋಮೀಟರ್ ಎತ್ತರದ ಓಝೋನ್ ಬಹುಪಾಲು ಇಲ್ಲವಾಗುವುದನ್ನು ತೋರಿಸಿವೆ.

ನೆಲಮಟ್ಟದ ಓಝೋನ್ ಬೇರೆಯೇ ಅಧ್ಯಾಯ. ಅದು ಉಸಿರಾಟಕ್ಕೆ ಕೆಡುಕು, ಅದರ ಅಳತೆಯೂ ಡಾಬ್ಸನ್ ಯೂನಿಟ್‌ನಲ್ಲಿ ಅಲ್ಲ; ಇಲ್ಲಿ ಬೆರೆಸುವುದು ಬೇಡ.

ಕೊನೆಗೆ ನಕ್ಷೆ ಓದುವಾಗ ಎಲ್ಲರೂ ಎಡವುವ ಜಾಗ. 220 ಯೂನಿಟ್‌ಗಿಂತ ಕಡಿಮೆ ಇರುವ ಭಾಗವನ್ನು ಓಝೋನ್ ರಂಧ್ರವೆಂದು ಎಣಿಸುತ್ತಾರೆ, ಅಲ್ಲಿ ಓಝೋನ್ ಸೊನ್ನೆ ಎಂದಲ್ಲ. ಜೂನ್ ತಿಂಗಳ ನೇರಳಾತೀತ ನಕ್ಷೆಯಲ್ಲಿ ದಕ್ಷಿಣ ಧ್ರುವದ ಮೇಲೆ ಕಾಣುವ ಖಾಲಿ ವೃತ್ತವಂತೂ ರಂಧ್ರವೇ ಅಲ್ಲ. ಆಗ ಅಲ್ಲಿ ಇರುಳು. ಅಳೆಯಲು ಬೆಳಕೇ ಇರುವುದಿಲ್ಲ.